ತೊಟ್ಟಿಲ ತಳದ ಬರಹ

ನಮ್ಮ ಆಟದಲ್ಲಿ ಇಡೀ ರಾಜ್ಯಕ್ಕೆ ಏಳೇ ಮುಖಗಳಿವೆ. ರಾಜನಿಗೂ ಕಮ್ಮಾರನಿಗೂ ಒಂದೇ ಮೂಗು, ಗಡ್ಡ ಮಾತ್ರ ಬೇರೆ. ಕಂಪ್ಯೂಟರಿನಲ್ಲಿ ಕತ್ತಿ ಹಿಡಿದು, ಕುದುರೆ ಹತ್ತಿ, ಎಲ್ಲಿ ಬೇಕಾದರೂ ಅಲೆಯಬಹುದಾದ ಮಾಯಾಲೋಕ ಎಂದು ನಾವು ಅದನ್ನು ಮಾರುತ್ತೇವೆ. ಎಲ್ಲಿ ಬೇಕಾದರೂ ಅಲೆಯಬಹುದು ನಿಜ, ಆದರೆ ಎಲ್ಲಿಗೆ ಹೋದರೂ ಅದೇ ಮೂರು ಜಾತಿಯ ಮರ. ಅವನ್ನೇ ತಿರುಗಿಸಿ ತಿರುಗಿಸಿ ನೆಟ್ಟು ಕಾಡು ಎಂದಿದ್ದೇವೆ. ಆ ರಾಜ್ಯದ ಅಜ್ಜಿಯರೆಲ್ಲ ನಮ್ಮ ಅತ್ತೆಯ ದನಿಯಲ್ಲಿ ಮಾತಾಡುತ್ತಾರೆ, ಏಕೆಂದರೆ ಅತ್ತೆ ಪುಕ್ಕಟೆಗೆ ಸಿಕ್ಕಿದರು.

ಕುದುರೆ ಒಂದೇ. ಅದು ಕಡಿದಾದ ಬೆಟ್ಟವನ್ನು ಹಲ್ಲಿಯಂತೆ ಹತ್ತುತ್ತದೆ, ಎಷ್ಟು ಎತ್ತರದಿಂದ ಬಿದ್ದರೂ ಸಾಯುವುದಿಲ್ಲ. ಕೆನೆಯಲು ಬಾರದು, ಆ ಸದ್ದು ಹಾಕಿಯೇ ಇಲ್ಲ. ಕೆನೆಯಲೂ ಬಾರದ ಆ ಪ್ರಾಣಿಯ ಹೆಸರು ಇಂಚರ. ಇಂಥ ಆಟಗಳಲ್ಲಿ ಕುದುರೆಗೆ ಸಿಡಿಲು ಎಂದೋ ಬಿರುಗಾಳಿ ಎಂದೋ ಹೆಸರಿಡುವುದು ವಾಡಿಕೆ. ಶಾಲೆಯ ಹಾಜರಿ ಕೂಗಿದ ಹಾಗೆ ಇಂಚರ ಎಂದರೆ ಯಾವ ವೀರ ತಾನೇ ಹತ್ತಿ ಯುದ್ಧಕ್ಕೆ ಹೋದಾನು?

ಹೆಸರಿಟ್ಟದ್ದು ಇವರು, ನನ್ನ ಗಂಡ. ಆಟದ ಪ್ರೋಗ್ರಾಮರ್. ತಪ್ಪು ಕಂಡವರು ಬರೆದು ಹಾಕಲು ನಮ್ಮಲ್ಲೊಂದು ಬಗ್ ಪಟ್ಟಿ ಇದೆ. ಅದರಲ್ಲಿ ನಾನು ಎರಡು ದೂರು ಹಾಕಿದೆ. ಒಂದು: "ಕುದುರೆಗೆ ಮನುಷ್ಯರ ಹೆಸರು ಬೇಡ." ಇನ್ನೊಂದು: "ಕುದುರೆ ಬೆಟ್ಟದ ತುದಿಯಿಂದ ಬಿದ್ದರೂ ಸಾಯುವುದಿಲ್ಲ. ಸಾಯಬೇಕು." ಎರಡಕ್ಕೂ ಅರ್ಧ ಗಂಟೆಯೊಳಗೆ ಉತ್ತರ ಬಂತು: "ಬದಲಿಸುವುದಿಲ್ಲ." ಆ ಪಟ್ಟಿಯಲ್ಲಿ ಸಾವಿರಕ್ಕೂ ಮೇಲೆ ದೂರುಗಳಿವೆ, ಇವರು ಖಡಾಖಂಡಿತ ಇಲ್ಲ ಎಂದದ್ದು ಆ ಎರಡಕ್ಕೆ ಮಾತ್ರ. ಉಳಿದವಕ್ಕೆಲ್ಲ "ನೋಡೋಣ" ಎನ್ನುತ್ತಾರೆ, ನೋಡುವುದಿಲ್ಲ.

ನಾವು ಕೆಲಸ ಮಾಡುವುದು ಹಿಂದೆ ಹಲ್ಲಿನ ಡಾಕ್ಟರ ಕ್ಲಿನಿಕ್ ಆಗಿದ್ದ ಎರಡು ಕೋಣೆಗಳಲ್ಲಿ. ಮೇಲಿನ ಮಹಡಿಯಲ್ಲಿ ನಮ್ಮ ಮನೆ. ರೋಗಿಗಳು ಬಾಯಿ ಮುಕ್ಕಳಿಸುತ್ತಿದ್ದ ಪುಟ್ಟ ಬೇಸಿನ್ ಇನ್ನೂ ಗೋಡೆಯಲ್ಲಿದೆ. ಅದಕ್ಕೆ ಹಲಗೆ ಮುಚ್ಚಿ ಪ್ರಿಂಟರ್ ಕೂರಿಸಿದ್ದೇವೆ. ಎಕ್ಸ್‌ರೇ ತೆಗೆಯುತ್ತಿದ್ದ ಗೂಡಿನಂಥ ಕೋಣೆಗೆ ಹಳೆಯ ಕಂಬಳಿಗಳನ್ನು ಹೊಡೆದು ದನಿ ರೆಕಾರ್ಡ್ ಮಾಡುವ ಜಾಗ ಮಾಡಿಕೊಂಡಿದ್ದೇವೆ. ಯಜಮಾನರು ಭಾವ, ಅಂದರೆ ಇವರ ಅಣ್ಣ. ಆಟ ಮಾರುವುದು, ಆಟಗಾರರಿಗೆ ಉತ್ತರ ಬರೆಯುವುದು, ನಮ್ಮನ್ನು ಹುರಿದುಂಬಿಸುವುದು ಅವರ ಪಾಲಿನ ಕೆಲಸ. ಮೂರನೆಯದನ್ನು ಸ್ವಲ್ಪ ಕಡಿಮೆ ಮಾಡಿದರೂ ನಡೆಯುತ್ತದೆ. ನನ್ನ ಪಾಲಿಗೆ ಬಂದದ್ದು ವಸ್ತುಗಳು ಮತ್ತು ಮಾತು. ಆ ಲೋಕದ ಗಡಿಗೆ, ಪೀಪಾಯಿ, ಕುರ್ಚಿ, ಮಂಚ, ಬಾವಿಯ ರಾಟೆ ಎಲ್ಲ ನಾನು ಮಾಡಿದವು. ಅಲ್ಲಿನ ಜನ ಆಡುವ ಮಾತೂ ನಾನೇ ಬರೆದದ್ದು.

ನನಗೊಂದು ಚಾಳಿಯಿತ್ತು. ವಸ್ತು ಮಾಡಿ ಮುಗಿಸಿದ ಮೇಲೆ ಅದನ್ನು ಬೋರಲು ಹಾಕಿ ತಳದಲ್ಲಿ ಏನಾದರೂ ಗೀಚುತ್ತಿದ್ದೆ. ತಳ ನೆಲಕ್ಕೆ ಅಂಟಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಗಡಿಗೆಯ ತಳದಲ್ಲಿ "ಇವತ್ತು ತಲೆನೋವು." ಕುರ್ಚಿಯ ಕೆಳಗೆ "ಅತ್ತೆ ನನ್ನ ಬಾಚಣಿಗೆ ಕದ್ದಿದ್ದಾರೆ, ಕೇಳಿದರೆ ಇಲ್ಲ ಅಂತಾರೆ." ದಿನಚರಿ ಬರೆಯುವ ಶಿಸ್ತು ನನಗಿಲ್ಲ, ಇದೇ ನನ್ನ ದಿನಚರಿ. ಕಾಣದ ತಳಕ್ಕೆ ಯಾಕೆ ಬಣ್ಣ, ಕತ್ತರಿಸಿ ಹಾಕಿದರೆ ಆಟ ಹಗುರವಾಗುತ್ತದೆ ಎಂದು ಇವರು ಹತ್ತು ಸಲ ಹೇಳಿದ್ದರು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೆ. ಬರೆದದ್ದನ್ನು ಓದಲು ಇವರು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ಈಗ ತಪ್ಪು ಎಲ್ಲಾಯಿತು ಅಂದರೆ, ಆಟದ ವೀರ ಮಂಚದ ಮೇಲೆ ಮಲಗಿದಾಗ ಕ್ಯಾಮೆರಾವನ್ನು ಗರಗರ ತಿರುಗಿಸಿದರೆ ಅದು ನೆಲವನ್ನು ತೂರಿ ಕೆಳಗಿಳಿಯುತ್ತದೆ. ಅಲ್ಲಿಂದ ಮೇಲೆ ನೋಡಿದರೆ ಇಡೀ ಮನೆಯ ತಳ ಕಾಣುತ್ತದೆ. ಈ ದೂರು ಪಟ್ಟಿಯಲ್ಲಿ ಮೂರು ವರ್ಷದಿಂದ ಇತ್ತು. "ಚಿಕ್ಕದು, ನೋಡೋಣ" ಎಂದು ಇವರು ಬರೆದಿದ್ದರು.

ಹಳೆಚಪ್ಪಲಿ ಎಂದು ಹೆಸರಿಟ್ಟುಕೊಂಡ ಒಬ್ಬ ಆಟಗಾರ ಅದನ್ನು ಕಂಡುಹಿಡಿದ. ಒಂದು ಬೆಳಿಗ್ಗೆ ಭಾವ ಫೋನ್ ಹಿಡಿದು ಒಳಗೆ ಬಂದರು.

"ಏನಮ್ಮಾ ಇದು? ಪೀಪಾಯಿ ತಳದಲ್ಲಿ ಬರಹ ಇದೆಯಂತೆ. ಓದ್ತೀನಿ ಕೇಳು. 'ಭಾವನ ಪ್ಯಾಂಟು ಹಿಂದೆ ಹರಿದಿದೆ. ಹೇಳೋರು ಯಾರು?'" ಓದಿ ಮುಗಿಸಿ ಅವರ ಕೈ ತಾನಾಗಿ ಹಿಂದಕ್ಕೆ ಹೋಯಿತು. "ಇದು ಯಾವಾಗಿನದು?"

"ಹಳೇದು ಭಾವ. ಆ ಪ್ಯಾಂಟು ಈಗ ನೀವು ಹಾಕೊಳ್ಳಲ್ಲ."

"ರಾಜ್ಯದಲ್ಲಿ ಎಷ್ಟು ಪೀಪಾಯಿ ಇವೆಯೋ?" ಎಂದು ಇವರತ್ತ ತಿರುಗಿ ಕೇಳಿದರು.

"ಆರುನೂರು ಚಿಲ್ಲರೆ," ಎಂದರು ಇವರು, ಪರದೆಯಿಂದ ಕಣ್ಣು ತೆಗೆಯದೆ.

ಭಾವ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಆಟದ ಬಗ್ಗೆ ಅಷ್ಟು ಜನ ಮಾತಾಡಿದ್ದು ಅದೇ ಮೊದಲು. ಒಂದೇ ವಾರದಲ್ಲಿ ಸಾವಿರಾರು ಮಂದಿ ಕತ್ತಿ, ಶತ್ರು, ರಾಜಕುಮಾರಿ ಎಲ್ಲವನ್ನೂ ಬಿಟ್ಟು ಮನೆಮನೆಯ ಮಂಚದ ಮೇಲೆ ಮಲಗಿ ಕ್ಯಾಮೆರಾ ತಿರುಗಿಸತೊಡಗಿದರು. ಬಾಚಣಿಗೆಯ ವಿಷಯ ಅತ್ತೆಯ ಕಿವಿಗೂ ಬಿತ್ತು. ಮರುದಿನ ಬಾಚಣಿಗೆ ನನ್ನ ಮೇಜಿನ ಮೇಲಿತ್ತು.

ಎರಡನೆಯ ವಾರ ಹಳೆಚಪ್ಪಲಿ ಇನ್ನೊಂದು ಬರೆದ. ಯಾವ ವಸ್ತು ಯಾವ ಅಪ್‌ಡೇಟ್‌ನಲ್ಲಿ ಬಂತು ಎಂದು ಅವನು ಪಟ್ಟಿ ಮಾಡಿದ್ದ. ಮೊದಲು ಬಂದವುಗಳಲ್ಲಿ ಅವನು ನೋಡಿದವಕ್ಕೆಲ್ಲ ತಳದಲ್ಲಿ ಬರಹವಿದೆ. ನೀರಿನ ಬಾನಿಯಿಂದ ಈಚೆಗೆ ಬಂದ ಒಂದಕ್ಕೂ ಇಲ್ಲ, ಎಲ್ಲ ತಳವೂ ಖಾಲಿ. "ಈ ಲೋಕದಲ್ಲಿ ಒಂದು ದಿನ ಏನೋ ಆಗಿದೆ, ಆ ದಿನದ ಮೇಲೆ ಯಾರೂ ಏನೂ ಬರೆದಿಲ್ಲ" ಎಂದಿದ್ದ. ಸರಿಯಾಗಿಯೇ ಹೇಳಿದ್ದಾನೆ ಎಂದುಕೊಂಡು ಊಟಕ್ಕೆ ಮೇಲೆ ಹೋದೆ.

ಆದದ್ದು ಇಷ್ಟು. ಎರಡು ವರ್ಷದ ಹಿಂದೆ, ಎಂಟನೆಯ ತಿಂಗಳಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಹೊಟ್ಟೆಯೊಳಗೆ ಮಗು ಒದೆಯುವುದು ನಿಂತಿತು. ಹೆಣ್ಣು. ಹುಟ್ಟಿದಾಗ ಅಳಲಿಲ್ಲ. ಆಸ್ಪತ್ರೆಯವರು ಬಟ್ಟೆಯಲ್ಲಿ ಸುತ್ತಿ ತಂದರು. ನಾನು ನೋಡಿದೆ, ಇವರು ನೋಡಿದರು, ಕೊಟ್ಟುಬಿಟ್ಟೆವು. ಹದಿನೈದನೆಯ ದಿನ ಮೆಟ್ಟಿಲಿಳಿದು ಬಂದು ಕುರ್ಚಿಯಲ್ಲಿ ಕೂತೆ. ಅವತ್ತು ಮಾಡಿದ್ದು ನೀರಿನ ಬಾನಿ. ಚೆನ್ನಾಗಿಯೇ ಬಂತು. ಬೋರಲು ಹಾಕಿದೆ, ಬರೆಯಲು ಏನೂ ತೋಚಲಿಲ್ಲ, ಹಾಗೇ ಬಿಟ್ಟೆ. ಆಮೇಲೂ ತೋಚಲಿಲ್ಲ.

ದುಃಖವಾಯಿತೇ ಎಂದು ಕೇಳಿದರೆ ಏನು ಹೇಳಲಿ? ಹಲ್ಲು ಕೀಳುವ ಮುಂಚೆ ಒಂದು ಚುಚ್ಚುಮದ್ದು ಕೊಡುತ್ತಾರಲ್ಲ, ಅರ್ಧ ಮುಖ ತನ್ನದಲ್ಲ ಅನಿಸುತ್ತದಲ್ಲ, ಹಾಗೆ. ಕ್ಲಿನಿಕ್‌ನವರು ಜಾಗ ಬಿಟ್ಟು ಹೋಗುವಾಗ ಅದನ್ನು ನನಗೆ ಬಿಟ್ಟುಹೋಗಿದ್ದರು ಅಂತ ಇಟ್ಟುಕೊಳ್ಳಿ. ಉಂಡೆ, ನಿದ್ದೆ ಮಾಡಿದೆ, ಮಂಚ ಕುರ್ಚಿ ಮಾಡಿದೆ. ಅಳು ಬರಲಿಲ್ಲ. ಇವರೂ ಅತ್ತದ್ದನ್ನು ನಾನು ನೋಡಲಿಲ್ಲ.

ನಾವಿಬ್ಬರೂ ಜಗಳವಾಡಲಿಲ್ಲ. ಜಗಳವಾಡಲಾದರೂ ಮಾತು ಬೇಕು. ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ, ನಡುವೆ ನಾಲ್ಕಡಿ ಜಾಗ. ಹೇಳಬೇಕಾದ್ದನ್ನು ಬಗ್ ಪಟ್ಟಿಗೆ ಹಾಕುತ್ತೇವೆ. ಮೊದಮೊದಲು ಆಟದ ವಿಷಯ ಮಾತ್ರ ಹಾಕುತ್ತಿದ್ದೆವು, ಬರಬರುತ್ತಾ ಮನೆಯದೂ ಸೇರಿತು. "ಗ್ಯಾಸ್ ಖಾಲಿ. ಆದ್ಯತೆ: ಹೆಚ್ಚು." "ಅಮ್ಮನ ಕನ್ನಡಕದ ಕಡ್ಡಿ ಮುರಿದಿದೆ. ಹೊಣೆ: ನೀನು." ಹಿಂದೆ ನಾವು ಹೀಗಿರಲಿಲ್ಲ. ಮದುವೆಗೆ ಮುಂಚೆ ನಾನು ಇವರನ್ನು ನೀನು ಎಂದೇ ಕರೆಯುತ್ತಿದ್ದೆ. ಮದುವೆಯಾದ ಮೇಲೆ ಅಣಕಿಸಲೆಂದು ರೀ ಎನ್ನಲು ಶುರು ಮಾಡಿದ್ದು ಹಾಗೇ ನಾಲಿಗೆಗೆ ಅಂಟಿಕೊಂಡಿತು. ಈಗ ಅದನ್ನೂ ಬಳಸಿ ತಿಂಗಳುಗಳಾಗಿದ್ದವು.

ಇನ್ನು ತೊಟ್ಟಿಲು. ಅದನ್ನು ಮಾಡಿದಾಗ ನನಗೆ ಐದು ತಿಂಗಳು. ಒಳ್ಳೆಯ ತೊಟ್ಟಿಲು, ನನ್ನ ಕೆಲಸಗಳಲ್ಲೆಲ್ಲ ಒಳ್ಳೆಯದು. ಕಾಲುಗಳಿಗೆ ಕೆತ್ತನೆ, ಅಂಚಿಗೆ ಉಜ್ಜಿ ಉಜ್ಜಿ ನುಣುಪಾದ ಮರದ ಬಣ್ಣ. ಇವರು ಅದನ್ನು ಒಂದು ಮನೆಯಲ್ಲಿಟ್ಟು, ಆ ಮನೆಯನ್ನೇ ನಕಲು ಹೊಡೆದು ರಾಜ್ಯವೆಲ್ಲ ನೆಟ್ಟರು. ಹೀಗಾಗಿ ನೂರ ಹದಿನಾಲ್ಕು ಮನೆಗಳಲ್ಲಿ ನೂರ ಹದಿನಾಲ್ಕು ತೊಟ್ಟಿಲುಗಳಾದವು. ಮಕ್ಕಳನ್ನು ಮಾತ್ರ ಆಗ ಮಾಡಲಿಲ್ಲ. ನಮ್ಮದು ಹುಟ್ಟಲಿ, ಅದನ್ನೇ ಎದುರಿಗಿಟ್ಟುಕೊಂಡು ಮಾಡೋಣ ಎಂದಿದ್ದೆವು. ಪಟ್ಟಿಯಲ್ಲಿ "ಮಕ್ಕಳು: ಬಾಕಿ" ಎಂದು ಇವತ್ತಿಗೂ ಇದೆ. ಅದನ್ನು ಯಾರೂ ಮುಟ್ಟಿಲ್ಲ.

ತೊಟ್ಟಿಲ ತಳದಲ್ಲಿ ನಾನು ಬರೆದದ್ದು ಒಂದು ಹೆಸರು. ಹೆಸರಿನ ಮಾತು ಹೆರಿಗೆಯಾದ ಮೇಲೆ, ಈಗಲೇ ಬೇಡ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಅಲ್ಲಿ ಬರೆದು ನೆಲಕ್ಕೆ ಅಂಟಿಸಿಬಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುರುತು ಪರಿಚಯವಿಲ್ಲದವರು ಸಾಕಷ್ಟು ಬರೆದಿದ್ದಾರೆ.

ಮೂರನೆಯ ವಾರ ಆಟಗಾರರಿಗೆ ಅದು ಸಿಕ್ಕಿತು. ನೂರ ಹದಿನಾಲ್ಕು ತೊಟ್ಟಿಲು, ಪ್ರತಿಯೊಂದರ ಕೆಳಗೂ ಅದೇ ಹೆಸರು, ಇಡೀ ರಾಜ್ಯದಲ್ಲಿ ಒಂದೂ ಮಗುವಿಲ್ಲ. ಕೇಳಬೇಕೇ? ಯಾರೀಕೆ, ರಾಜಕುಮಾರಿಯೇ, ಶಾಪವೇ, ಮಾಟಗಾತಿ ಕದ್ದಳೇ? ಕೆಲವರು ಕಾಡಿನಲ್ಲಿ ಆ ಹೆಸರು ಹಿಡಿದು ಅಲೆಯುತ್ತಿದ್ದರು. ಒಬ್ಬ ತನ್ನ ವೀರನ ಕತ್ತಿಗೆ ಅದೇ ಹೆಸರಿಟ್ಟಿದ್ದ. ನಾನಾಗಲಿ ಇವರಾಗಲಿ ಒಂದು ಸಲವೂ ಬಾಯಿಬಿಟ್ಟು ಕರೆಯದ ಹೆಸರು ಅದು.

ಭಾವ ಗಾಳಿಯಲ್ಲಿ ತೇಲುತ್ತಾ ಬಂದರು. "ಸಿಕ್ತು ನೋಡು! ಎಲ್ಲರೂ ಇದನ್ನೇ ಕೇಳ್ತಿದ್ದಾರೆ. ಇದ್ಯಾರಮ್ಮಾ, ತೊಟ್ಟಿಲ ಕೆಳಗೆ?"

ನನ್ನ ಹಿಂದೆ ಇವರ ಕೀಬೋರ್ಡಿನ ಸದ್ದು ನಿಂತಿತು.

"ಸುಮ್ಮನೆ ಒಂದು ಹೆಸರು ಭಾವ," ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಕೀಬೋರ್ಡಿನ ಸದ್ದು ಮತ್ತೆ ಶುರುವಾಯಿತು.

ಭಾವ ಕೆಟ್ಟವರಲ್ಲ. ಆಸ್ಪತ್ರೆಯ ಕಾಗದಪತ್ರಗಳಿಗೆಲ್ಲ ಓಡಾಡಿದವರು ಅವರೇ. ಆದರೆ ಆ ದಿನಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ಎಲ್ಲಿಟ್ಟೆ ಎಂಬುದನ್ನೇ ಮರೆತಿದ್ದರು. ತೊಟ್ಟಿಲಿಗೂ ಅದಕ್ಕೂ ಗಂಟು ಹಾಕಲು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಆಮೇಲಿನ ಮಾತು ಆಡುತ್ತಿರಲಿಲ್ಲ. "ಇದನ್ನೇ ಒಂದು ಕ್ವೆಸ್ಟ್ ಮಾಡೋಣ. 'ಕಾಣೆಯಾದ ಕಂದಮ್ಮಗಳು.' ಆಟಗಾರ ಹುಡುಕ್ಕೊಂಡು ಹೋಗ್ಲಿ. ಕಥೆ ನೀನು ಬರೀ. ಹತ್ತು ದಿನ ಸಾಕಾ?"

"ಸಾಕು," ಎಂದೆ.

ನನಗೇ ಆಶ್ಚರ್ಯ. ಬೇಡ ಎನ್ನಬಹುದಿತ್ತು, ಎದ್ದು ಹೋಗಬಹುದಿತ್ತು, ಕೈಗೆ ಸಿಕ್ಕಿದ್ದನ್ನು ಬೀಸಿ ಎಸೆಯಬಹುದಿತ್ತು. ಕೆಲಸ ಕೊಟ್ಟರು, ತೆಗೆದುಕೊಂಡೆ. ಮೊದಲ ಕಥೆಯಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದವು. ನಮ್ಮ ಆಟದಲ್ಲಿ ತೋಳದ ಬಾಲ ನೆಲದೊಳಗೆ ಹೂತುಕೊಳ್ಳುತ್ತದೆ ಎಂಬ ಕಾರಣಕ್ಕೆ ಭಾವ ಅದನ್ನು ಬೇಡವೆಂದರು. ಎರಡನೆಯದರಲ್ಲಿ ನದಿ. ನಮ್ಮ ನದಿ ಹರಿಯುವುದಿಲ್ಲ. ಮೂರನೆಯದರಲ್ಲಿ ಮಾಟಗಾತಿ, ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೊನೆಯಲ್ಲಿ ಒಬ್ಬ ಅಜ್ಜಿ ದಿಬ್ಬದ ಮೇಲೆ ನಿಂತು ಮೊಮ್ಮಗಳ ಹೆಸರು ಹಿಡಿದು ಕರೆಯುತ್ತಾಳೆ, ಆ ದನಿಯ ಜಾಡು ಹಿಡಿದು ಆಟಗಾರ ಗುಹೆ ಸೇರಬೇಕು. ಬರೆಯುತ್ತಾ ಹೋದೆ. ನನಗೇನೂ ಆಗಲಿಲ್ಲ. ಬಾನಿ ಮಾಡಿದಷ್ಟೇ ಸಲೀಸಾಗಿ ಬಂತು.

ಒಂಬತ್ತನೆಯ ದಿನ ಪಟ್ಟಿಯಲ್ಲಿ ಇವರ ಹೊಸ ದೂರೊಂದು ಕಂಡಿತು. "ತೊಟ್ಟಿಲು. ತಳದ ಬರಹ. ಅಳಿಸಬೇಕೇ?" ಹೊಣೆ ಎಂಬಲ್ಲಿ ನನ್ನನ್ನು ಹಾಕಿದ್ದರು, ಆದ್ಯತೆಯ ಜಾಗ ಖಾಲಿ ಬಿಟ್ಟಿದ್ದರು.

ತಿರುಗಿದರೆ ಇವರ ಬೆನ್ನು. ಅಂಗಿಯ ಕಾಲರಿನ ಒಂದು ಕಡೆ ಒಳಕ್ಕೆ ಮಡಿಚಿಕೊಂಡಿತ್ತು. ಕೈ ಚಾಚಿದರೆ ಸರಿಮಾಡಬಹುದಿತ್ತು. ಕೈ ಚಾಚಲಿಲ್ಲ. "ನೋಡೋಣ" ಎಂದು ಉತ್ತರ ಬರೆದೆ.

ಮರುದಿನ ಹನ್ನೊಂದು ಗಂಟೆಗೆ ಅತ್ತೆ ಕನ್ನಡಕ ಏರಿಸಿಕೊಂಡು ಕೆಳಗಿಳಿದು ಬಂದರು. ರೆಕಾರ್ಡಿಂಗ್ ಎಂದರೆ ಅವರಿಗೆ ಉಮೇದು. ಎಕ್ಸ್‌ರೇ ಗೂಡಿನಲ್ಲಿ ಸ್ಟೂಲಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ನಾನು ಕೊಟ್ಟ ಹಾಳೆಯನ್ನು ಬೆಳಕಿಗೆ ಹಿಡಿದರು. ಬಾಗಿಲಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು ನಿಂತೆ, ನನ್ನ ಹಿಂದೆ ಭಾವ. ದನಿ ಹೋಗಿ ಸೇರುವುದು ಇವರ ಯಂತ್ರಕ್ಕೆ. ಒಳಗೆ ಆಡಿದ್ದೆಲ್ಲ ಇವರಿಗೂ ಕೇಳುತ್ತದೆ.

"ಈ ಅಜ್ಜಿಗೆ ಹಲ್ಲಿದೆಯಾ ಇಲ್ವಾ?" ಎಂದರು ಅತ್ತೆ.

"ಇದೆ ಅತ್ತೆ. ನಿಮ್ಮ ವಯಸ್ಸು ಅಂತಿಟ್ಟುಕೊಳ್ಳಿ."

"ಹಾಗಾದ್ರೆ ಮುದುಕಿ ಅಲ್ಲ ಬಿಡು."

ಹಾಳೆಯಲ್ಲಿ ಇದ್ದದ್ದು ಆ ಹೆಸರು, ಅದರ ಮುಂದೆ "ಬಾರೇ ಮಗಳೇ, ಹೊತ್ತಾಯ್ತು" ಎಂಬ ಮಾತು. ಅತ್ತೆ ಕರೆದರು. ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆದ ಹಾಗಿತ್ತು. ಸ್ವಲ್ಪ ಮುನಿಸು, ಸ್ವಲ್ಪ ಮುದ್ದು. ಹೆಡ್‌ಫೋನಿನಲ್ಲಿ ಆ ಹೆಸರು ನನ್ನ ಎರಡೂ ಕಿವಿಗಳ ಒಳಗೇ ಹುಟ್ಟಿದಂತೆ ಕೇಳಿತು.

"ಅಮ್ಮಾ, ಸ್ವಲ್ಪ ಅಳು ಬೇಕು," ಎಂದರು ಭಾವ ನನ್ನ ಹೆಗಲ ಮೇಲಿಂದ ಬಗ್ಗಿ. "ಮಗು ಕಳೆದುಹೋಗಿದೆ ಅಲ್ವಾ."

ಅತ್ತೆ ಕನ್ನಡಕದ ಮೇಲಿನಿಂದ ಮಗನನ್ನು ನೋಡಿದರು. "ಕಳೆದುಹೋದ ಮಗೂನ ಕರೆಯೋವಾಗ ಯಾರೂ ಅಳಲ್ಲ ಕಣೋ. ಇಲ್ಲೇ ಎಲ್ಲೋ ಇದೆ, ಕರೆದ್ರೆ ಬರುತ್ತೆ ಅಂತ ಕರೀತಾರೆ. ಅಳೋದು ಆಮೇಲೆ. ಸುಮ್ನಿರು, ನನಗೆ ಗೊತ್ತಿದೆ."

ಎರಡನೆಯ ಸಲ ಕರೆದರು. ಈ ಸಲ ಹೆಸರಿನ ಕೊನೆಯನ್ನು ಉದ್ದಕ್ಕೆ ಎಳೆದರು, ದೂರದಲ್ಲಿರುವವರಿಗೆ ಕೇಳಲಿ ಎಂಬಂತೆ. ಎಳೆದು ಒಂದು ಕ್ಷಣ ತಡೆದರು, ಉತ್ತರಕ್ಕೆ ಕಾದರು. ಆ ಕಾಯುವಿಕೆ ನಾನು ಬರೆದದ್ದಲ್ಲ. ಮೂರನೆಯ ಸಲವೂ ಕರೆದು ಕಾದರು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅತ್ತೆ ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಚೆನ್ನಾಗಿದೆ ಕಣೇ ಹೆಸರು. ಕರೆಯೋಕೆ ಹಿತವಾಗಿದೆ. ಎಲ್ಲಿ ಸಿಕ್ತು? ಯಾರದಿದು?"

ಸುಮ್ಮನೆ ಒಂದು ಹೆಸರು ಎನ್ನಬೇಕೆಂದೇ ಬಾಯಿ ತೆರೆದೆ.

"ನಿಮ್ಮ ಮೊಮ್ಮಗಳದು ಅತ್ತೆ," ಎಂದೆ.

ಹೆಡ್‌ಫೋನಿನಲ್ಲಿ ಅತ್ತೆಯ ಉಸಿರು ದೊಡ್ಡದಾಗಿ ಕೇಳುತ್ತಿತ್ತು. ಅವರು ಹಾಳೆಯನ್ನು ನಿಧಾನವಾಗಿ ಮಡಿಚಿದರು, ಮತ್ತೆ ಮಡಿಚಿದರು, ಮುಷ್ಟಿಯಲ್ಲಿ ಇಟ್ಟುಕೊಂಡರು. ಭಾವನ ಕೈ ನನ್ನ ತಲೆಯ ಮೇಲೆ ಬಂದು ಕೂತಿತು. ಅವರು ಎಂದೂ ಹಾಗೆ ಮಾಡಿದವರಲ್ಲ. "ನಾನೆಂಥ ಕತ್ತೆ," ಎಂದರು, "ಎಂಥ ಕತ್ತೆ ನಾನು." ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಇಳಿದು ಹೋದರು.

ಇವರು ಎದ್ದು ಬಂದರು. ಇವರ ಮುಖವನ್ನು ಹತ್ತಿರದಿಂದ, ನೇರವಾಗಿ ನೋಡಿ ಎಷ್ಟು ದಿನವಾಗಿತ್ತೋ. ಹುಬ್ಬಿನಲ್ಲಿ ಒಂದು ಬಿಳಿಯ ಕೂದಲು ಬಂದಿತ್ತು.

"ನಿಮಗೆ ಗೊತ್ತಿತ್ತೇನ್ರೀ?" ಎಂದೆ.

"ಆಟಗಾರರು ತೊಟ್ಟಿಲ ಚಿತ್ರ ಹಾಕಿದ ದಿನಾನೇ ಗೊತ್ತಾಯ್ತು. ನಿನ್ನ ಅಕ್ಷರ ನನಗೆ ಗೊತ್ತಿಲ್ವಾ?"

"ಮತ್ಯಾಕೆ ಒಂದು ಮಾತು ಕೇಳಲಿಲ್ಲ?"

"ನೀನು ಸುಮ್ಮನೆ ಒಂದು ಹೆಸರು ಅಂದೆ. ಹಾಗೇ ಇರಲಿ ಅಂತ ನಿನಗೆ ಅನಿಸಿದ್ರೆ ಹಾಗೇ ಇರಲಿ ಅಂದ್ಕೊಂಡೆ." ಕಾಲರನ್ನು ಮುಟ್ಟಿ ನೋಡಿಕೊಂಡರು, ಸರಿಮಾಡಿಕೊಳ್ಳಲಿಲ್ಲ. "ಒಳ್ಳೇ ಹೆಸರು. ನಾನು ಬೇರೆ ಅಂದ್ಕೊಂಡಿದ್ದೆ."

"ಏನು ಬೇರೆ?"

"ಹೆಸರು. ಮಾತಾಡಬಾರದು ಅಂತ ಒಪ್ಪಿಕೊಂಡಿದ್ವಲ್ಲ, ಮನಸ್ಸಲ್ಲೇ ಒಂದು ಇಟ್ಕೊಂಡಿದ್ದೆ."

ಗೂಡಿನೊಳಗಿಂದ ಅತ್ತೆ ಕೇಳಿದರು, "ಏನಂತಲೋ?"

ಇವರು ತಮ್ಮ ಪರದೆಯ ಕಡೆ ನೋಡಿದರು. ಅದರಲ್ಲಿ ಆಟ ತೆರೆದೇ ಇತ್ತು. ಬೆಟ್ಟದ ತುದಿಯಲ್ಲಿ ಕುದುರೆ ಒಂಟಿಯಾಗಿ ನಿಂತು, ಎಲ್ಲ ಕುದುರೆಗಳೂ ಮಾಡುವಂತೆ ತಲೆಯನ್ನು ಎತ್ತುತ್ತಾ ಇಳಿಸುತ್ತಾ ಇತ್ತು.

"ಆಸ್ಪತ್ರೆಯಿಂದ ಬಂದ ಮೇಲೆ ಆ ಹೆಸರನ್ನ ಎಲ್ಲಾದರೂ ಇಡಬೇಕಿತ್ತು," ಎಂದರು. "ನನ್ನ ಹತ್ರ ಆವತ್ತು ಇದ್ದದ್ದು ಅದೊಂದೇ, ಹೆಸರಿಲ್ಲದೇ ಇದ್ದದ್ದು."

ಇಂಚರ. ನಾನು ಅಣಕಿಸಿದ ಹೆಸರು, ಶಾಲೆಯ ಹಾಜರಿಯ ಹಾಗಿದೆ ಎಂದ ಹೆಸರು.

"ಮತ್ತೆ ಬಿದ್ರೂ ಸಾಯದೇ ಇರೋದು?" ಎಂದೆ. ಕೇಳಬೇಕಿರಲಿಲ್ಲ. ಆದರೂ ಕೇಳಿದೆ.

"ಅದು ಬಗ್ ಅಲ್ಲ ಕಣೇ," ಎಂದರು ಇವರು. "ಅದನ್ನ ನಾನೇ ಬರೆದದ್ದು."

ಸಾಯಬೇಕು ಎಂದು ಬರೆದಿದ್ದೆನಲ್ಲ ನಾನು, ಪಟ್ಟಿಯಲ್ಲಿ, ನನ್ನ ಕೈಯಾರೆ. ಅದನ್ನು ಓದಿ ಇವರು ಅರ್ಧ ಗಂಟೆ ಹೇಗೆ ಕೂತಿದ್ದರು? ನಾಲ್ಕಡಿ ದೂರದಲ್ಲಿದ್ದೆ, ತಿರುಗಿ ನೋಡಲಿಲ್ಲ. ಆಗ ಅಳು ಬಂತು. ಚುಚ್ಚುಮದ್ದು ಇಳಿಯುವಾಗ ಮೊದಲು ತುಟಿಯ ಒಂದು ಮೂಲೆ ಚುರುಗುಡುತ್ತದೆ, ಅಷ್ಟೇ ಬಂತು, ಹೆಚ್ಚಿಲ್ಲ. ಇವರು ನನ್ನ ಕಿವಿಯಿಂದ ಹೆಡ್‌ಫೋನನ್ನು ತೆಗೆದರು. ಅತ್ತೆ ಹೊರಗೆ ಬಂದು, ಇವರ ಕಾಲರ್ ಸರಿಮಾಡಿ, ನನ್ನ ಮುಖವನ್ನು ತಮ್ಮ ಸೆರಗಿನಿಂದ ಒರೆಸಿ, ಮೇಲೆ ಹೋದರು.

ಮಾಟಗಾತಿಯ ಕಥೆಯನ್ನು ಭಾವನೇ ಅಳಿಸಿದರು. ತೊಟ್ಟಿಲುಗಳನ್ನು ತೆಗೆಯಲಿಲ್ಲ. ಹೊಸ ಅಪ್‌ಡೇಟ್‌ನಲ್ಲಿ ದಿಬ್ಬದ ಮೇಲೆ ಒಬ್ಬ ಅಜ್ಜಿ ಕೂತಿರುತ್ತಾಳೆ. ತೊಟ್ಟಿಲಿನ ವಿಷಯ ಕೇಳಿದರೆ, "ಒಂದು ಮಗು ಇತ್ತಪ್ಪಾ, ಉಳೀಲಿಲ್ಲ. ತೊಟ್ಟಿಲು ತೆಗೆಯೋಕೆ ಮನಸ್ಸಾಗಲಿಲ್ಲ," ಎನ್ನುತ್ತಾಳೆ. ಅಷ್ಟೇ. ಗುಹೆಯಿಲ್ಲ, ಬಹುಮಾನವಿಲ್ಲ. ಆಟಗಾರರಿಗೆ ಭಾರೀ ನಿರಾಸೆ. ಇಷ್ಟು ದಿನ ಹುಡುಕಿದ್ದಕ್ಕೆ ಇದೇನಾ ಎಂದು ಬೈದು ಬರೆದವರೇ ಹೆಚ್ಚು. ಹಳೆಚಪ್ಪಲಿ ಮಾತ್ರ ಏನೂ ಬರೆಯಲಿಲ್ಲ. ಅವನ ವೀರ ಒಂದು ಮಧ್ಯಾಹ್ನವಿಡೀ ಆ ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಎಂದು ಭಾವ ಹೇಳಿದರು.

ನಾನು ಪಟ್ಟಿ ತೆರೆದು ಕುದುರೆಯ ಎರಡೂ ದೂರುಗಳನ್ನು ಹುಡುಕಿದೆ. ಹಾಕಿದವಳು ನಾನು, ನಾನೇ ಮುಚ್ಚಬೇಕು. ಕಾರಣ ಬರೆಯುವ ಜಾಗದಲ್ಲಿ "ಕುದುರೆ ಸರಿಯಾಗಿದೆ" ಎಂದು ಬರೆದು ಮುಚ್ಚಿದೆ. "ಮಕ್ಕಳು: ಬಾಕಿ" ಎಂಬುದನ್ನು ಮುಟ್ಟಲಿಲ್ಲ. ಆಮೇಲೆ ನನ್ನ ಕುರ್ಚಿಯನ್ನು ಎಳೆದುಕೊಂಡು ಇವರ ಪಕ್ಕಕ್ಕೆ ಹೋದೆ.

"ತೋರಿಸ್ರೀ," ಎಂದೆ.

ಇವರು ಕುದುರೆಯನ್ನು ಬೆಟ್ಟದ ಅಂಚಿಗೆ ತಂದರು. ಕೆಳಗೆ ಬಂಡೆಗಳು, ಅದೇ ಮೂರು ಜಾತಿಯ ಮರ. ನನ್ನ ಕಡೆ ಒಮ್ಮೆ ನೋಡಿ, ಮುಂದಕ್ಕೆ ಒತ್ತಿದರು. ಸದ್ದಿಲ್ಲದೆ ಬಿದ್ದಳು. ಬಂಡೆಯ ಮೇಲೆ ಒಂದು ಕಡೆಗೆ ವಾಲಿ, ಕಾಲುಗಳನ್ನು ಮಡಿಚಿಕೊಂಡು, ಸ್ವಲ್ಪ ಹೊತ್ತು ಅಲುಗಾಡದೆ ಮಲಗಿದ್ದಳು. ನಾನು ಮೇಜಿನ ಅಂಚು ಹಿಡಿದುಕೊಂಡೆ.

ಎದ್ದಳು.

"ಇನ್ನೊಂದು ಸಲ," ಎಂದೆ.